ಬಿಲ್ಲಿಂಗ್ ತಂತ್ರಾಂಶದಿಂದ ಟ್ಯಾಲಿಗೆ: ಮಾದರಿ ಕೋಡ್ ಎಲ್ಲಿ ಹುಡುಕಬೇಕು?

ತಿರುಪ್ಪೂರಿನ ಬನಿಯನ್ ಕಂಪನಿಯಿರಲಿ, ಕೊಯಮತ್ತೂರಿನ ಪಂಪ್ ವರ್ಕ್‌ಶಾಪ್ ಇರಲಿ, ಗೋದಾಮಿನ ಕಂಪ್ಯೂಟರಿನಲ್ಲಿ ಬಿಲ್ ಹಾಕಲು ಯಾರೋ ಬರೆದುಕೊಟ್ಟ ಸಣ್ಣ ತಂತ್ರಾಂಶ, ಆಫೀಸಿನಲ್ಲಿ ಟ್ಯಾಲಿ ಇರುವುದುಂಟು. ಅಂಥ ಕಡೆ ಅದೇ ಬಿಲ್ಲನ್ನು ಎರಡು ಸಲ ಟೈಪ್ ಮಾಡಬೇಕು. ಒಂದು ಬಿಟ್ಟುಹೋದರೆ ಜಿಎಸ್‌ಟಿ ಲೆಕ್ಕ ತಾಳೆಯಾಗುವುದಿಲ್ಲ. ಇವೆರಡನ್ನು ಜೋಡಿಸಲು ಹೊರಟ ಸದಸ್ಯರಿಗೆ ಈ ಮಾಹಿತಿ.

1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಂಪನಿಯ ಈ ಟ್ಯಾಲಿ ತಾನೇ ಸರ್ವರ್ ಆಗಿಯೂ ಕೆಲಸ ಮಾಡುತ್ತದೆ. ಸೆಟ್ಟಿಂಗ್ಸ್‌ನ ಕನೆಕ್ಟಿವಿಟಿಯಲ್ಲಿ ಅದನ್ನು ಚಾಲೂ ಮಾಡಿದರೆ ಸಾಮಾನ್ಯವಾಗಿ 9000 ಪೋರ್ಟ್‌ನಲ್ಲಿ ಎಚ್‌ಟಿಟಿಪಿ ಮೂಲಕ ಎಕ್ಸ್‌ಎಂಎಲ್ ಸ್ವೀಕರಿಸುತ್ತದೆ. ಮಾದರಿ ಎಕ್ಸ್‌ಎಂಎಲ್ ಟ್ಯಾಲಿಯ ಸ್ವಂತ ಸಹಾಯ ಪುಟಗಳಲ್ಲೇ ಇದೆ. ಮೊದಲು ಅಲ್ಲಿ ನೋಡಿ. ಕಳುಹಿಸುವ ಭಾಗಕ್ಕೆ ಪೈಥಾನ್ ಅಥವಾ ಸಿ-ಶಾರ್ಪ್‌ನ ಅಧಿಕೃತ ಕೈಪಿಡಿಯ ಎಚ್‌ಟಿಟಿಪಿ ಉದಾಹರಣೆ ಸಾಕು.

ಎರಡೂ ಕಡೆ ನಿಮ್ಮದೇ ತಂತ್ರಾಂಶವಾದರೆ ಸಾಕೆಟ್ ಬೇಕಾಗಬಹುದು. ಪೈಥಾನ್ ಕೈಪಿಡಿಯಲ್ಲಿ ಎಕೋ ಸರ್ವರ್ ಮಾದರಿಯಿದೆ. ಸಿ ಭಾಷೆಗೆ ಬೀಜ್ ಅವರ ಉಚಿತ ಮಾರ್ಗದರ್ಶಿ ಹಳೆಯದಾದರೂ ಇಂದಿಗೂ ಒಳ್ಳೆಯದು. ಆದರೆ ಎಕೋ ಮಾದರಿಯನ್ನು ಹಾಗೇ ನಕಲು ಮಾಡಿ ವ್ಯವಹಾರಕ್ಕೆ ಬಳಸಬೇಡಿ. ಟಿಸಿಪಿಯಲ್ಲಿ ಹರಿಯುವುದು ಬೈಟ್‌ಗಳ ಧಾರೆ. ಕಳುಹಿಸಿದ ಒಂದು ಬಿಲ್ ಆ ಕಡೆ ಎರಡು ತುಂಡಾಗಿ ಬರಬಹುದು, ಎರಡು ಬಿಲ್ ಅಂಟಿಕೊಂಡೂ ಬರಬಹುದು. ಅದಕ್ಕೇ ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು ಕಳುಹಿಸುವ ಮಾದರಿಯನ್ನೇ ಆರಿಸಿ. ಉದ್ದವನ್ನು ಬೈಟ್‌ಗಳಲ್ಲೇ ಎಣಿಸಬೇಕು: ‘ತಿರುಪ್ಪೂರು’ ಎಂಬ ಪದ ಯೂನಿಕೋಡ್‌ನಲ್ಲಿ 10 ಸಂಕೇತ, ಯುಟಿಎಫ್-8ರಲ್ಲಿ 30 ಬೈಟ್. ಇಂಗ್ಲಿಷ್ ಹೆಸರಿನಲ್ಲಿ ಸರಿಯಾಗಿ ಓಡಿದ ಕೋಡ್ ಕನ್ನಡ, ತಮಿಳು ಹೆಸರು ಬಂದೊಡನೆ ಕೈಕೊಡುವುದು ಇಲ್ಲೇ.

ಒಂದೇ ಕಂಪ್ಯೂಟರಿನಲ್ಲಿ ನಡೆದದ್ದು ಎರಡರ ನಡುವೆ ನಡೆಯದಿದ್ದರೆ ಎರಡು ವಿಷಯ ನೋಡಿ. ಮಾದರಿಯಲ್ಲಿರುವ 127.0.0.1 ಎಂದರೆ ಅದೇ ಯಂತ್ರ. ಅಲ್ಲಿ ಆಫೀಸ್ ಕಂಪ್ಯೂಟರಿನ ವಿಳಾಸ ಹಾಕಬೇಕು. ವಿಂಡೋಸ್ ಫೈರ್‌ವಾಲ್‌ನಲ್ಲಿ ಆ ಪೋರ್ಟ್‌ಗೆ ಒಳಜಾಲದಿಂದ ಮಾತ್ರ ಅನುಮತಿ ಕೊಡಿ. ರೌಟರ್ ಮೂಲಕ ಇಂಟರ್ನೆಟ್ಟಿಗೆ ತೆರೆಯುವುದು ಬೇಡವೇ ಬೇಡ.

ಇನ್ನು ಉತ್ತರದ ವಿಚಾರ; ಮಾದರಿ ಕೋಡ್‌ಗಳು ಹೆಚ್ಚಾಗಿ ಇದನ್ನು ಬಿಟ್ಟುಬಿಡುತ್ತವೆ. ಎಚ್‌ಟಿಟಿಪಿ 200 ಬಂದ ಮಾತ್ರಕ್ಕೆ ಬಿಲ್ ಸೇರಿತು ಎಂದಲ್ಲ. ಟ್ಯಾಲಿಯ ಉತ್ತರದಲ್ಲಿ ‘ಕ್ರಿಯೇಟೆಡ್’, ‘ಎರರ್ಸ್’ ಎಂಬ ಎಣಿಕೆಗಳಿರುತ್ತವೆ, ಅವನ್ನು ಓದಿಸಿ. ಉತ್ತರವೇ ಬರದಿದ್ದರೆ ಮತ್ತೆ ಕಳುಹಿಸುವ ಮೊದಲು ಆ ಬಿಲ್ ಸಂಖ್ಯೆ ಟ್ಯಾಲಿಯಲ್ಲಿದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಒಂದೇ ಮಾರಾಟ ಎರಡು ಸಲ ದಾಖಲಾದೀತು. ಈ ಪ್ರಯೋಗವೆಲ್ಲ ಟ್ಯಾಲಿಯಲ್ಲಿ ಬೇರೆಯೇ ಒಂದು ಪರೀಕ್ಷಾ ಕಂಪನಿ ತೆರೆದು, ಅದರಲ್ಲಿ ನಡೆಯಲಿ.