ನೀರಿನ ಮಂತ್ರಿ ಕಾದರ್ ಅಸ್ಮಲ್

ದಕ್ಷಿಣ ಆಫ್ರಿಕದ ಡರ್ಬನ್ ನಗರದಿಂದ ಉತ್ತರಕ್ಕೆ, ಸಮುದ್ರ ತೀರಕ್ಕೆ ಸಮೀಪವಾಗಿ, ಕಬ್ಬಿನ ಗದ್ದೆಗಳ ನಡುವೆ ಸ್ಟ್ಯಾಂಗರ್ ಎಂಬ ಊರು ಇದೆ. ಈಗ ಅದಕ್ಕೆ ಕ್ವಾಡುಕುಜಾ ಎಂಬ ಹಳೆಯ ಹೆಸರೇ ಮರಳಿ ಬಂದಿದೆ. ಜುಲು ದೊರೆ ಶಾಕ ನೆಲೆಸಿದ್ದುದು ಅಲ್ಲಿ. 1828ರಲ್ಲಿ ಮಲಸೋದರರ ಕೈಯಿಂದ ಹತನಾದುದೂ ಅಲ್ಲಿಯೇ. 1860ರಿಂದ ಮುಂದಕ್ಕೆ ಕೂಲಿಯ ಕರಾರಿಗೆ ಹೆಬ್ಬೆಟ್ಟೊತ್ತಿ ಹಡಗು ಹತ್ತಿದ ನಮ್ಮ ದೇಶದ ಬಡವರು ಈ ಸೀಮೆಯ ಕಬ್ಬಿನ ತೋಟಗಳಲ್ಲಿ ದುಡಿದರು. ಅವರ ಬೆನ್ನಿಗೇ ವ್ಯಾಪಾರಸ್ಥರೂ ಹೋದರು. ಹೀಗೆ ಅಲ್ಲಿ ಬೇರುಬಿಟ್ಟ ಭಾರತೀಯ ಮೂಲದ ಸಂಸಾರವೊಂದರಲ್ಲಿ 1934ರ ಅಕ್ಟೋಬರ್ 8ರಂದು ಕಾದರ್ ಅಸ್ಮಲ್ ಜನಿಸಿದರು.

ಊರಿನ ಮಗ್ಗುಲಿನ ಗ್ರೌಟ್‌ವಿಲ್ಲಿನಲ್ಲಿ ಆಲ್ಬರ್ಟ್ ಲುಥುಲಿಯವರ ಮನೆಯಿತ್ತು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮುಂದೆ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಆ ಹಿರಿಯರನ್ನು ಅಸ್ಮಲ್ ಶಾಲಾ ಬಾಲಕನಾಗಿದ್ದಾಗಲೇ ಕಂಡರು. ಆ ಪರಿಚಯವೇ ಅವರ ರಾಜಕೀಯದ ಅಕ್ಷರಾಭ್ಯಾಸ. ಮೊದಲು ಕೆಲಕಾಲ ಉಪಾಧ್ಯಾಯರಾಗಿದ್ದು, 1959ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದರು. ಅಲ್ಲಿ ಆಂಗ್ಲ ಯುವತಿ ಲೂಯಿಸ್ ಅವರನ್ನು ಮದುವೆಯಾದರು. ಬಿಳಿಯರು ಬಿಳಿಯರಲ್ಲದವರನ್ನು ವರಿಸುವುದು ದಕ್ಷಿಣ ಆಫ್ರಿಕದಲ್ಲಿ 1949ರ ಕಾನೂನಿನ ಪ್ರಕಾರ ಅಪರಾಧ. ತಾಳಿಯ ಗಂಟು ಬಿದ್ದ ದಿನವೇ ತವರಿನ ಬಾಗಿಲಿಗೆ ಅಗಳಿ ಬಿದ್ದಿತೆನ್ನಬೇಕು.

1963ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಕಾನೂನಿನ ಅಧ್ಯಾಪಕರ ಕೆಲಸ ದೊರೆಯಿತು. ಹೋದದ್ದು ಹೊಟ್ಟೆಪಾಡಿಗೆ, ಉಳಿದದ್ದು ಇಪ್ಪತ್ತೇಳು ವರ್ಷ. 1964ರಲ್ಲಿ ಅವರು ಅಲ್ಲಿ ವರ್ಣಭೇದ ವಿರೋಧಿ ಚಳವಳಿಯನ್ನು ಸ್ಥಾಪಿಸಿದರು. ಸಭೆ ಕೂಡಿಸುವುದು, ಪತ್ರಿಕೆಗಳಿಗೆ ಕಾಗದ ಬರೆಯುವುದು, ಕರಪತ್ರ ಹಂಚುವುದು, ಇದೇ ನಿತ್ಯದ ಕೆಲಸ. 1970ರಲ್ಲಿ ದಕ್ಷಿಣ ಆಫ್ರಿಕದ ರಗ್ಬಿ ತಂಡ ಡಬ್ಲಿನ್ನಿಗೆ ಬಂದಾಗ ಸಾವಿರಾರು ಜನ ಬೀದಿಗಿಳಿದರು. 1984ರಲ್ಲಿ ಡನ್ಸ್ ಸ್ಟೋರ್ಸ್ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮೇರಿ ಮ್ಯಾನಿಂಗ್ ಎಂಬ ಹುಡುಗಿ, ದಕ್ಷಿಣ ಆಫ್ರಿಕದ ಹಣ್ಣನ್ನು ತಾನು ಮಾರುವುದಿಲ್ಲ ಎಂದುಬಿಟ್ಟಳು. ಅವಳನ್ನು ಕೆಲಸದಿಂದ ದೂರ ಇಟ್ಟರು; ಸಂಗಾತಿಗಳು ಮುಷ್ಕರ ಹೂಡಿದರು. ಮೂರು ವರ್ಷಗಳ ಸಮೀಪ ಎಳೆದ ಆ ಮುಷ್ಕರದ ಫಲವಾಗಿ 1987ರಲ್ಲಿ ಐರ್ಲೆಂಡಿನ ಸರ್ಕಾರ ಆ ದೇಶದ ಹಣ್ಣು ತರಕಾರಿಗಳ ಆಮದನ್ನೇ ನಿಷೇಧಿಸಿತು. ಆ ಹುಡುಗಿಯ ಧೈರ್ಯ ಅವಳದೇ. ಆದರೆ ಅದು ಬೆಳೆಯುವಂತೆ ಇಪ್ಪತ್ತು ವರ್ಷ ನೆಲ ಹದಮಾಡಿದವರಲ್ಲಿ ಈ ಮೇಷ್ಟ್ರೂ ಒಬ್ಬರು.

1988ರಲ್ಲಿ ಇನ್ನೊಂದು ಪ್ರಸಂಗ. ಬಾಂಬಿಗೆ ಬಲಗೈಯನ್ನು ಕಳೆದುಕೊಂಡಿದ್ದ ಆಲ್ಬಿ ಸ್ಯಾಕ್ಸ್ ಡಬ್ಲಿನ್ನಿಗೆ ಬಂದು, ಅಸ್ಮಲ್ ಅವರ ಅಡಿಗೆಮನೆಯ ಮೇಜಿನ ಬಳಿ ಕುಳಿತರು. ಮುಂದೆಂದೋ ಬರಲಿರುವ ಸ್ವತಂತ್ರ ದಕ್ಷಿಣ ಆಫ್ರಿಕದ ಹಕ್ಕುಗಳ ಕರಡನ್ನು ಇಬ್ಬರೂ ಅಲ್ಲಿ ಬರೆದರು. ಮಂಡೇಲಾ ಆಗ ಇನ್ನೂ ಸೆರೆಯಲ್ಲಿದ್ದರು!

1990ರಲ್ಲಿ ನಿಷೇಧ ಸಡಿಲಿತು, ಅಸ್ಮಲ್ ಮರಳಿದರು. 1994ರ ಮೇ ತಿಂಗಳಲ್ಲಿ ಮಂಡೇಲಾ ಅವರ ಮಂತ್ರಿಮಂಡಲದಲ್ಲಿ ಈ ಕಾನೂನು ಪಂಡಿತರಿಗೆ ಸಿಕ್ಕಿದ್ದು ನೀರು ಮತ್ತು ಅರಣ್ಯದ ಖಾತೆ. ನ್ಯಾಯಾಂಗವನ್ನೋ ವಿದೇಶಾಂಗವನ್ನೋ ನಿರೀಕ್ಷಿಸಿದ್ದವರಿಗೆ ಇದು ಮೂಲೆಗೆ ತಳ್ಳಿದಂತೆ ತೋರಿರಬಹುದು. ವಾಸ್ತವದಲ್ಲಿ ವರ್ಣಭೇದದ ಬೇರು ಇಳಿದಿದ್ದುದು ಈ ನೀರಿನಲ್ಲಿಯೇ. 1956ರ ಕಾನೂನಿನಂತೆ ಹೊಳೆಯ ದಂಡೆಯ ಜಮೀನು ಯಾರದೋ ಹೊಳೆಯ ನೀರಿನ ಹಕ್ಕೂ ಅವರದೇ. ಜಮೀನಾದರೋ? ಕರಿಯರಿಗೆಂದು ಮೀಸಲಿಟ್ಟದ್ದು ದೇಶದ ನೆಲದಲ್ಲಿ ಸುಮಾರು ನೂರಕ್ಕೆ 13 ಪಾಲು. ನೆಲ ಇಲ್ಲದವನಿಗೆ ನೀರೂ ಇಲ್ಲ. ಒಂದು ಕೋಟಿ ಇಪ್ಪತ್ತು ಲಕ್ಷ ಜನಕ್ಕೆ ಶುದ್ಧ ನೀರಿನ ವ್ಯವಸ್ಥೆಯಿಲ್ಲವೆಂದು ಹೊಸ ಸರ್ಕಾರ ಲೆಕ್ಕ ಹಾಕಿತು. ಕಾಲುವೆಯ ಕೊನೆಯ ಗದ್ದೆಯವನ ಪಾಡು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಸ್ಮಲ್ ಆ ಗಂಟನ್ನು ಬಿಚ್ಚಲಿಲ್ಲ, ಕತ್ತರಿಸಿದರು. 1998ರ ರಾಷ್ಟ್ರೀಯ ಜಲ ಕಾನೂನು ದಂಡೆಯ ಹಕ್ಕನ್ನು ತೊಡೆದುಹಾಕಿ, ನೀರೆಲ್ಲವೂ ಜನರದು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದು ಸಾರಿತು. ಮೊದಲ ಪಾಲು ಮನುಷ್ಯನ ಕನಿಷ್ಠ ಅಗತ್ಯಕ್ಕೆ ಮತ್ತು ಹೊಳೆಯ ಸ್ವಂತ ಬದುಕಿಗೆ. ಇವೆರಡಕ್ಕೂ ಎತ್ತಿಟ್ಟು ಮಿಕ್ಕದ್ದನ್ನು ಗದ್ದೆಗೆ, ಗಣಿಗೆ, ಕಾರ್ಖಾನೆಗೆ ಪರವಾನಗಿಯ ಮೇಲೆ ಹಂಚಬೇಕು. ಹೊಳೆಗೂ ಪಾಲು ಉಂಟೆಂದು ಕಾನೂನಿನಲ್ಲಿ ಬರೆಸಿದ್ದು ಸಾಮಾನ್ಯ ಸಂಗತಿಯಲ್ಲ. 1995ರಲ್ಲಿ ಅವರು ಆರಂಭಿಸಿದ ಇನ್ನೊಂದು ಯೋಜನೆಯಲ್ಲಿ, ನೀರನ್ನು ಹೀರುವ ನೀಲಗಿರಿ ಮೊದಲಾದ ಪರದೇಶದ ಮರಗಳನ್ನು ಕಡಿಯುವ ಕೆಲಸ ಕೊಟ್ಟು ನಿರುದ್ಯೋಗಿ ಬಡವರಿಗೆ ಕೂಲಿ ಒದಗಿಸಿದರು. ಕೋಲಾರದ ನೀಲಗಿರಿ ತೋಪುಗಳನ್ನು ಕಂಡ ನಾವು ಈ ಯೋಜನೆಯನ್ನು ಅಸೂಯೆಯಿಂದಲೇ ನೋಡಬೇಕು.

ಹಾಗೆಂದು ಎಲ್ಲವೂ ನೆಟ್ಟಗಾಯಿತೆಂದಲ್ಲ. ಮನೆಯಿಂದ 200 ಮೀಟರಿನೊಳಗೆ, ತಲೆಗೆ ದಿನಕ್ಕೆ 25 ಲೀಟರ್ ಎಂಬುದು ಹೊಸ ಸರ್ಕಾರದ ವಾಗ್ದಾನ. ಕೊಳಾಯಿಗಳೇನೋ ಬಂದುವು, ಆದರೆ ನಡೆಸುವ ಖರ್ಚನ್ನು ಬಳಸುವವರೇ ತೆರಬೇಕೆಂಬುದೂ ಅಸ್ಮಲ್ ಅವರ ಇಲಾಖೆಯದೇ ನೀತಿ. ಹಣವಿಲ್ಲದವರು ಮತ್ತೆ ಹಳ್ಳಕ್ಕೆ ಕೊಡ ಹಿಡಿದು ಹೋದರು. 2000ದಲ್ಲಿ ಅವರದೇ ನಾಟಾಲ್ ಸೀಮೆಯಲ್ಲಿ ಕಾಲರಾ ಹರಡಿ, ರೋಗ ತಗುಲಿದವರ ಸಂಖ್ಯೆ ಲಕ್ಷ ದಾಟಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ವೇಳೆಗೆ ಅವರು ವಿದ್ಯಾಮಂತ್ರಿಯಾಗಿದ್ದರು. ಬಳಿಕ 2001ರಿಂದ ಪ್ರತಿ ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತವೆಂಬ ನೀತಿ ಜಾರಿಗೆ ಬಂದಿತು. ಇದು ಮೊದಲೇ ಆಗಬೇಕಾಗಿತ್ತು. ಕಾನೂನು ಬರೆಯುವವರ ಕಣ್ಣಿಗೆ ಹಕ್ಕು ಕಾಣುವಷ್ಟು ಸ್ಪಷ್ಟವಾಗಿ ಬಡವಿಯ ಸೆರಗಿನ ಗಂಟು ಕಾಣುವುದಿಲ್ಲವೋ ಏನೋ.

ಮಂತ್ರಿಯಾಗಿದ್ದಾಗಲೇ ಜಾಗತಿಕ ಅಣೆಕಟ್ಟು ಆಯೋಗದ ಅಧ್ಯಕ್ಷತೆಯೂ ಅವರಿಗೆ ಬಂದಿತ್ತು. ನಮ್ಮ ದೇಶದ ಗಾಂಧೀವಾದಿ ಎಲ್.ಸಿ. ಜೈನ್ ಉಪಾಧ್ಯಕ್ಷರು, ಮೇಧಾ ಪಾಟ್ಕರ್ ಸದಸ್ಯೆ. ಒಂದು ಕಡೆ ಲೆಸೊಥೊ ಬೆಟ್ಟಗಳ ದೊಡ್ಡ ಅಣೆಕಟ್ಟುಗಳ ನೀರನ್ನು ಜೋಹಾನ್ಸ್‌ಬರ್ಗಿನ ಕಡೆಗೆ ತರುವ ಮಂತ್ರಿ, ಇನ್ನೊಂದು ಕಡೆ ಅಣೆಕಟ್ಟುಗಳ ಗುಣದೋಷ ತೂಗುವ ಪಂಚ! ಟೀಕೆ ಬಾರದಿರುತ್ತದೆಯೆ? ಆದರೂ 2000ದ ನವೆಂಬರಿನಲ್ಲಿ ಹೊರಬಿದ್ದ ಆಯೋಗದ ವರದಿ ಯಾರ ಮುಲಾಜನ್ನೂ ನೋಡಲಿಲ್ಲ. ಅಣೆಕಟ್ಟುಗಳಿಂದ ಲೋಕದಲ್ಲಿ ನಾಲ್ಕರಿಂದ ಎಂಟು ಕೋಟಿ ಜನ ನೆಲೆ ಕಳೆದುಕೊಂಡರೆಂದು ಅಂದಾಜು ಮಾಡಿತು. ಅದನ್ನು ಒಪ್ಪದ ಸರ್ಕಾರಗಳಲ್ಲಿ ನಮ್ಮದೂ ಒಂದು.

2008ರಲ್ಲಿ ಭ್ರಷ್ಟಾಚಾರದ ಬೆನ್ನು ಹತ್ತಿದ್ದ ತನಿಖಾ ದಳವನ್ನು ವಿಸರ್ಜಿಸಲು ಪಕ್ಷ ತೀರ್ಮಾನಿಸಿದಾಗ, ಅದಕ್ಕೆ ಕೈಯೆತ್ತುವ ಬದಲು ಅಸ್ಮಲ್ ಪಾರ್ಲಿಮೆಂಟಿಗೇ ರಾಜೀನಾಮೆ ಕೊಟ್ಟರು. 2011ರ ಜೂನಿನಲ್ಲಿ, ಸರ್ಕಾರದ ಗುಟ್ಟುಗಳನ್ನು ಕಾಪಾಡುವ ಮಸೂದೆಯನ್ನು ತಿರಸ್ಕರಿಸಿರೆಂದು ನಾಡಿಗೆ ಬಹಿರಂಗವಾಗಿ ಕರೆಕೊಟ್ಟರು. ಅದೇ ತಿಂಗಳ 22ರಂದು ಕೇಪ್‌ಟೌನಿನಲ್ಲಿ ತೀರಿಕೊಂಡರು.

ಆ ವರ್ಷವೇ ಹೊರಬಂದ ಅವರ ಆತ್ಮಕಥೆಯಲ್ಲಿ ಒಂದು ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. 1980ರಲ್ಲಿ ಸಾಸಲ್ ತೈಲ ಕಾರ್ಖಾನೆಯ ಮೇಲೆ ನಡೆದ ಬಾಂಬು ದಾಳಿಗೆ ಮುಂಚೆ ಸ್ಥಳದ ಗೂಢಚರ್ಯೆ ಮಾಡಿದವರು ಐರ್ಲೆಂಡಿನ ಬಂಡುಕೋರರು. ಅವರಿಗೂ ಆಫ್ರಿಕದ ಹೋರಾಟಗಾರರಿಗೂ ನಂಟು ಕಲ್ಪಿಸಿದ್ದು ತಾವೇ ಎಂದು ಅದರಲ್ಲಿ ಬರೆದಿದ್ದರು. ಹಗಲು ಟ್ರಿನಿಟಿಯಲ್ಲಿ ಕಾನೂನು ಕಲಿಸುತ್ತಿದ್ದ ಮೇಷ್ಟ್ರು ಈ ಗುಟ್ಟನ್ನು ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು.