ಸವರು

ದೆಹಲಿಯ ಓಖ್ಲಾ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ, ಕಚೇರಿಗಳ ಗೇಟಿನ ಬದಿಯಲ್ಲಿ ಡುರಾಂಟಾ, ಕಾಮಿನಿ ಗಿಡಗಳ ಬೇಲಿ. ಮಳೆಗಾಲ ಬಂತೆಂದರೆ ದಾರಿಗೇ ಚಾಚಿಕೊಳ್ಳುತ್ತದೆ. ಅದನ್ನು ಕತ್ತರಿಸಿ ಒಪ್ಪ ಮಾಡುವುದಕ್ಕೆ ಮಾಲಿಗಳು ‘ಛಂಟಾಯಿ’ ಎನ್ನುತ್ತಾರೆ. ಗೇಟಿನೊಳಗೆ ಅದರ ದಾಯಾದಿ ‘ಛಂಟನಿ’ ಇದೆ, ಕೆಲಸಗಾರರನ್ನು ಮನೆಗೆ ಕಳಿಸುವುದು. ಹಿಂದಿಯಲ್ಲಿ ಗಿಡಕ್ಕೂ ಆಳಿಗೂ ಒಂದೇ ಕತ್ತರಿ.

ಕನ್ನಡದಲ್ಲಿ ಬೇಲಿ ಸವರುತ್ತೇವೆ. (ಕಾಫಿ ಸೀಮೆಯವರು ತಮ್ಮ ಮರಗಸಿ, ಕಪಾತು ಪದಗಳನ್ನು ಬಿಟ್ಟುಕೊಡುವವರಲ್ಲ, ಅದು ಬೇರೆ ಮಾತು.) ಕುಮಾರವ್ಯಾಸನ ಯುದ್ಧಪರ್ವಗಳಲ್ಲಿ ಸವರುವುದು ಗಿಡವನ್ನಲ್ಲ, ಸೈನ್ಯವನ್ನು. 15ನೇ ಶತಮಾನದ ಆ ರಣಭೀಕರ ಪದದಲ್ಲೇ ನಾವು ಮಗುವಿನ ತಲೆ ಸವರುತ್ತೇವೆ, ರೊಟ್ಟಿಗೆ ಬೆಣ್ಣೆ ಸವರುತ್ತೇವೆ, ಆಸೆ ತೋರಿಸಿ ಸಾಗಹಾಕಬೇಕಿದ್ದರೆ ಮೂಗಿಗೆ ತುಪ್ಪವನ್ನೂ! ನಿಘಂಟು ಎರಡು ಅರ್ಥಗಳನ್ನೂ ಕೊಡುತ್ತದೆ. ನನಗೆ ಕಾಣುವ ಕೊಂಡಿ ಕೈಯ ಚಲನೆ: ಕೊಡಲಿ ಎತ್ತಿ ಹಾಕಿದಂತಲ್ಲ, ಮೇಲ್ಮೈಗುಂಟ ಹಾಯುವುದು.

ಬೇಲಿ ಸವರುವ ಬ್ಯಾಟರಿ ಟ್ರಿಮ್ಮರ್ ಬೇಡುವುದೂ ಆ ಚಲನೆಯನ್ನೇ. ಹಲ್ಲುಹಲ್ಲಿನ ಎರಡು ಅಲಗುಗಳು ಒಂದರ ಮೇಲೊಂದು ಸರಿದಾಡಿ ಕತ್ತರಿಸುತ್ತವೆ, ಒತ್ತುವ ಅಗತ್ಯವಿಲ್ಲ. ಬೇಲಿಯ ಪಕ್ಕವನ್ನು ಬುಡದಿಂದ ಮೇಲಕ್ಕೆ ಸವರಿದರೆ ಕತ್ತರಿಸಿದ ಎಲೆ ತಾನೇ ಉದುರಿ ಮುಂದಿನದು ಕಾಣುತ್ತದೆ. ಅದಕ್ಕೂ ಮೊದಲು ಗಿಡದೊಳಗೆ ಹಳೆಯ ಮುಳ್ಳುತಂತಿ, ದೀಪಾವಳಿಯ ಸರದೀಪದ ವೈರು, ಹಕ್ಕಿಗೂಡು ಇವೆಯೇ ನೋಡಬೇಕು. ಹಲ್ಲಿನ ಸಂದಿಗೆ ಹಿಡಿಯದ ಕೊಂಬೆಯನ್ನು ತುರುಕಬಾರದು, ಅದಕ್ಕೆ ಗರಗಸವಿದೆ. ತುರುಕಿದರೆ ಅಲಗು ಸಿಕ್ಕಿಬೀಳುತ್ತದೆ, ಬಿಡಿಸುವ ಅವಸರದಲ್ಲಿ ಬೆರಳು ಹೋಗುತ್ತದೆ. ಸ್ವಿಚ್ ಬಿಟ್ಟರೆ ಸಾಲದು, ಬ್ಯಾಟರಿಯನ್ನೇ ಕಳಚಬೇಕು. ಎರಡೂ ಕೈ ಹಿಡಿಯ ಮೇಲಿದ್ದರಷ್ಟೇ ಓಡಲಿ ಎಂದು ಹಲವು ಯಂತ್ರಗಳಿಗೆ ಎರಡು ಸ್ವಿಚ್ ಇಟ್ಟಿರುತ್ತಾರೆ. ಒಂದನ್ನು ದಾರದಿಂದ ಬಿಗಿದು ಒಂಟಿ ಕೈಯಲ್ಲಿ ಆಡಿಸುವ ಜಾಣರಿಗೆ ಕುಮಾರವ್ಯಾಸನ ಅರ್ಥವೇ ಗತಿ.

ಕೆಲಸ ಮುಗಿದ ಮೇಲೆ ಇನ್ನೊಂದು ಸವರು. ಬ್ಯಾಟರಿ ಕಳಚಿಟ್ಟು, ಕೈಗವಸು ಹಾಕಿಯೇ, ಅಲಗಿಗೆ ಅಂಟಿದ ಸೊನೆಯನ್ನು ಬ್ರಷ್ಷು, ಬಟ್ಟೆಯಿಂದ ತೆಗೆದು ತೆಳುವಾಗಿ ಎಣ್ಣೆ ಸವರಬೇಕು. ಪೈಪಿನಲ್ಲಿ ನೀರು ಬಿಟ್ಟು ತೊಳೆಯುವುದು ಬೇಡ. ಅಲಗಿಗೆ ಅದರ ಕವಚ ತೊಡಿಸಿಡಬೇಕು. ಲಿಥಿಯಂ ಬ್ಯಾಟರಿಯನ್ನು 40 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬೇಡಿ ಎಂದು ಸಾಮಾನ್ಯವಾಗಿ ಕೈಪಿಡಿಯಲ್ಲೇ ಬರೆದಿರುತ್ತದೆ. ದೆಹಲಿಯ ಮೇ, ಜೂನ್ ಮಧ್ಯಾಹ್ನಗಳು ಆ ಗೆರೆಯನ್ನು ಲೀಲಾಜಾಲವಾಗಿ ದಾಟುತ್ತವೆ, ತಗಡಿನ ಶೆಡ್ಡಿನೊಳಗಂತೂ ಕೇಳುವುದೇ ಬೇಡ. ಓಖ್ಲಾದಲ್ಲಿ ಬೇಸಿಗೆಯ ಚಾರ್ಜಿಂಗ್ ಬೆಳಗಿನ ಜಾವದ ಕೆಲಸ.