ಮನೆಯ ವಾಯುವಿನಿಮಯ ಯಂತ್ರವೂ ಅದರ ಜೀರ್ಣೋದ್ಧಾರವೂ

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದು ಹೆಸರು. ವಾತಕ್ಕೆ ಅಯನ, ಎಂದರೆ ಗಾಳಿ ಬಂದುಹೋಗುವ ಹಾದಿ, ಎಂಬುದು ಆ ಶಬ್ದದ ವ್ಯುತ್ಪತ್ತಿ. ಬಹುದೂರದ ಸ್ಕ್ಯಾಂಡಿನೇವಿಯದ ಪ್ರಾಚೀನ ನಾರ್ಸ್ ಭಾಷೆಯಲ್ಲಿಯೂ ಕಿಟಕಿಗೆ ಗಾಳಿಗಣ್ಣು ಎಂಬರ್ಥದ ಪದವೇ ಇದ್ದಿತು. ಇಂಗ್ಲಿಷಿನ ವಿಂಡೊ ಎಂಬ ಮಾತು ಅದರಿಂದಲೇ ಹುಟ್ಟಿದುದು. ಕನ್ನಡದ ಬೆಳಕಿಂಡಿ ಎಂಬ ಪದವು ಬೆಳಕನ್ನು ಮುಂದುಮಾಡಿಕೊಂಡಿದ್ದರೂ, ಗೋಡೆಯಲ್ಲಿ ರಂಧ್ರವನ್ನು ಬಿಡುವುದು ಬೆಳಕಿಗೂ ಗಾಳಿಗೂ ಏಕಕಾಲದಲ್ಲಿ ಎಂಬುದು ಎಲ್ಲ ದೇಶಗಳ ಗೃಹನಿರ್ಮಾಣದಲ್ಲಿಯೂ ಸಾಮಾನ್ಯವಾಗಿದ್ದ ತಿಳಿವಳಿಕೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶೀತದೇಶಗಳು ಈ ಎರಡು ಕಾರ್ಯಗಳನ್ನು ಬೇರ್ಪಡಿಸಿದುವು. ಬೆಳಕಿನ ಹಾದಿಯು ಗಾಜಿನಿಂದ ಬಿಗಿಯಾಗಿ ಮುಚ್ಚಲ್ಪಟ್ಟಿತು; ಗಾಳಿಯ ಹಾದಿಯು ಯಂತ್ರವಾಯಿತು.

ಇಂಗ್ಲಿಷಿನಲ್ಲಿ ಎನರ್ಜಿ ರಿಕವರಿ ವೆಂಟಿಲೇಟರ್ ಎಂದು ಕರೆಯಲ್ಪಡುವ ಈ ಯಂತ್ರಕ್ಕೆ ಇಲ್ಲಿ ವಾಯುವಿನಿಮಯ ಯಂತ್ರವೆಂಬ ಹೆಸರನ್ನು ಬಳಸಲಾಗಿದೆ. ಮನೆಯೊಳಗಿನ ಕೆಟ್ಟ ಗಾಳಿಯನ್ನು ಹೊರಕ್ಕೂ ಹೊರಗಿನ ಹೊಸ ಗಾಳಿಯನ್ನು ಒಳಕ್ಕೂ ಸಾಗಿಸುತ್ತ, ಹೋಗುವ ಗಾಳಿಯಲ್ಲಿರುವ ಶಾಖವನ್ನೂ ತೇವವನ್ನೂ ಬರುವ ಗಾಳಿಗೆ ಒಪ್ಪಿಸುವುದೇ ಇದರ ಕೆಲಸ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಆವಿಷ್ಕಾರಗಳ ಪರಂಪರೆಯಾಗಿ ಹೇಳುವುದುಂಟು. ಆದರೆ ಸಂಗತಿಗಳನ್ನು ಕ್ರಮವಾಗಿ ಜೋಡಿಸಿ ನೋಡಿದರೆ, ಯಂತ್ರದ ಜಯಾಪಜಯಗಳನ್ನು ನಿರ್ಣಯಿಸಿದುದು ಅದರ ತತ್ತ್ವವಲ್ಲ, ಅದರ ಪಾಲನೆ ಎಂಬುದು ವ್ಯಕ್ತವಾಗುತ್ತದೆ. ಈ ವಿಷಯವನ್ನು ಪ್ರತಿಪಾದಿಸುವುದೇ ಪ್ರಕೃತ ಲೇಖನದ ಉದ್ದೇಶ.

ಯಂತ್ರಕ್ಕೆ ಆಧಾರವಾದ ಎರಡು ವಿಚಾರಗಳು ಬಹು ಹಿಂದೆಯೇ ಹುಟ್ಟಿದುವು. ಮೊದಲನೆಯದು ಶಾಖದ ಮರುಗಳಿಕೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗನು ೧೮೧೬ರಲ್ಲಿ ಪೇಟೆಂಟು ಪಡೆದ ಸಾಧನದಲ್ಲಿ, ಹೊರಹೋಗುವ ಬಿಸಿಗಾಳಿಯ ಶಾಖವನ್ನು ಹಿಡಿದಿಟ್ಟು ಮತ್ತೆ ಉಪಯೋಗಿಸುವ ಕ್ರಮವು ನಿರೂಪಿತವಾಗಿದೆ. ಸ್ವೀಡನ್ನಿನ ಫ್ರೆಡ್ರಿಕ್ ಲ್ಯುಂಗ್‌ಸ್ಟ್ರೋಮನು ೧೯೨೦ರಲ್ಲಿ ತಿರುಗುವ ಚಕ್ರದ ಮೂಲಕ ಇದೇ ಕಾರ್ಯವನ್ನು ಕಾರ್ಖಾನೆಗಳ ಆವಿಪಾತ್ರೆಗಳಿಗೆ ಅಳವಡಿಸಿದನು. ಎರಡನೆಯದು ವಾಸದ ಮನೆಯಲ್ಲಿ ಎಷ್ಟು ಗಾಳಿ ಬದಲಾಗಬೇಕೆಂಬ ಗಣನೆ. ಮ್ಯೂನಿಕ್ ನಗರದ ಮಾಕ್ಸ್ ಫಾನ್ ಪೆಟ್ಟೆನ್‌ಕೋಫರನು ೧೮೫೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೊಠಡಿಯ ಗಾಳಿಯಲ್ಲಿ ಇಂಗಾಲಾಮ್ಲವು ಸಾವಿರಕ್ಕೆ ಒಂದು ಪಾಲನ್ನು ಮೀರಬಾರದೆಂಬ ಪ್ರಮಾಣವನ್ನು ಸೂಚಿಸಿದನು. ಕಿಟಕಿ ಬಾಗಿಲುಗಳನ್ನು ಮುಚ್ಚಿದ ಮೇಲೆಯೂ ಸಂದುಗಳ ಮೂಲಕ ಗಾಳಿಯು ಗಣನೀಯವಾಗಿ ಬದಲಾಗುತ್ತಿರುವುದನ್ನು ಆತನು ಅಳತೆಯಿಂದ ಕಂಡುಕೊಂಡಿದ್ದನು. ಆ ಕಾಲದ ಮನೆಗಳು ತಮ್ಮ ದೋಷಗಳಿಂದಲೇ ಉಸಿರಾಡುತ್ತಿದ್ದುವು. ಆದ್ದರಿಂದ ಈ ಎರಡು ವಿಚಾರಗಳೂ ವಾಸಗೃಹದಲ್ಲಿ ಒಂದುಗೂಡುವ ಅವಶ್ಯಕತೆಯು ನೂರು ವರ್ಷಗಳವರೆಗೆ ತೋರಲಿಲ್ಲ.

ಅವಶ್ಯಕತೆಯನ್ನು ತಂದಿತ್ತುದು ೧೯೭೩ರ ತೈಲಸಂಕಟ. ಕೆಲವೇ ತಿಂಗಳುಗಳಲ್ಲಿ ಕಚ್ಚಾತೈಲದ ಬೆಲೆಯು ಸುಮಾರು ನಾಲ್ಕು ಮಡಿಯಾಗಲು, ಮನೆಗಳನ್ನು ಕಾಯಿಸುವ ವೆಚ್ಚವು ಶೀತದೇಶಗಳಿಗೆ ದುರ್ಭರವಾಯಿತು. ಡೆನ್ಮಾರ್ಕಿನ ಲ್ಯುಂಗ್‌ಬಿಯಲ್ಲಿ ವಾಗ್ನ್ ಕೋರ್ಸ್‌ಗಾರ್ಡನ ನೇತೃತ್ವದಲ್ಲಿ ೧೯೭೫ರಲ್ಲಿಯೂ, ಕೆನಡದ ಸಸ್ಕಾಚೆವಾನ್ ಪ್ರಾಂತದ ರಿಜೈನ ನಗರದಲ್ಲಿ ೧೯೭೭ರಲ್ಲಿಯೂ ಪ್ರಯೋಗಗೃಹಗಳು ನಿರ್ಮಿತವಾದುವು. ರಿಜೈನದ ಮನೆಯನ್ನು ರೂಪಿಸಿದವರಲ್ಲಿ ಹೆರಾಲ್ಡ್ ಆರ್, ರಾಬರ್ಟ್ ಬೆಸೆಂಟ್, ರಾಬ್ ಡುಮಾಂಟ್ ಮುಂತಾದವರು ಮುಖ್ಯರು. ದಪ್ಪವಾದ ಶಾಖರೋಧಕ ಗೋಡೆ, ಪಾಲಿಥೀನ್ ಹಾಳೆಯಿಂದ ಸಂದುಗಳನ್ನೆಲ್ಲ ಮುಚ್ಚಿದ ಒಡಲು, ಗಾಳಿಗೆ ವಿನಿಮಯಯಂತ್ರ, ಚಾವಣಿಯ ಬಳಿ ಸೂರ್ಯಶಾಖವನ್ನು ಹಿಡಿಯುವ ನಳಿಗೆಗಳು, ಇವು ಆ ಮನೆಯ ಅಂಗಗಳು. ಇವುಗಳಲ್ಲಿ ಅತ್ಯಂತ ದುಬಾರಿಯಾದ ಸೂರ್ಯಶಾಖದ ಏರ್ಪಾಡು ಸದಾ ದುರಸ್ತಿಯನ್ನು ಬೇಡುತ್ತಿದ್ದುದರಿಂದ ಮುಂದೆ ತೆಗೆದುಹಾಕಲ್ಪಟ್ಟಿತು. ಪಾಲನೆಯನ್ನೇ ಬೇಡದ ಗೋಡೆಯು ನಿಂತಿತು. ಇವೆರಡರ ನಡುವೆ ನಿಂತುದು ವಾಯುವಿನಿಮಯ ಯಂತ್ರ. ಅದನ್ನು ತೆಗೆದುಹಾಕುವುದು ಸಾಧ್ಯವಿರಲಿಲ್ಲ, ಏಕೆಂದರೆ ಸಂದುಗಳಿಲ್ಲದ ಮನೆಗೆ ಅದೇ ಉಸಿರು. ಗೋಡೆಯಂತೆ ಮರೆತುಬಿಡುವುದೂ ಸಾಧ್ಯವಿರಲಿಲ್ಲ, ಏಕೆಂದರೆ ಅದು ಚಲಿಸುವ ವಸ್ತು.

ಆರಂಭದ ಯಂತ್ರಗಳು ಸರಳವಾದುವು. ಸಸ್ಕಾಚೆವಾನ್ ವಿಶ್ವವಿದ್ಯಾನಿಲಯದವರು ಪ್ಲೈವುಡ್ ಪೆಟ್ಟಿಗೆಯಲ್ಲಿ ಪಾಲಿಥೀನ್ ಹಾಳೆಗಳನ್ನು ಪದರಪದರವಾಗಿ ಜೋಡಿಸಿ ವಿನಿಮಯಯಂತ್ರವನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ವಿಧಾನವನ್ನು ಕಿರುಹೊತ್ತಗೆಯಾಗಿ ಪ್ರಕಟಿಸಿದರು. ಒಂದು ಸಂದಿನಲ್ಲಿ ಹೋಗುವ ಗಾಳಿ, ಮುಂದಿನ ಸಂದಿನಲ್ಲಿ ಬರುವ ಗಾಳಿ; ಎರಡೂ ಬೆರೆಯದೆ ಹಾಳೆಯ ಮೂಲಕ ಶಾಖ ಮಾತ್ರ ದಾಟುವುದು. ತಾನೇ ಮಾಡಿದವನು ತಾನೇ ಬಿಚ್ಚಿ ಸರಿಪಡಿಸಬಲ್ಲನಾದ್ದರಿಂದ ನಿರ್ಮಾಣಕ್ಕೂ ಪಾಲನೆಗೂ ನಡುವೆ ಆಗ ಅಂತರವಿರಲಿಲ್ಲ. ಈ ಅಂತರವು ಹುಟ್ಟಿದುದು ಯಂತ್ರವು ಅಂಗಡಿಯ ಸರಕಾದ ಮೇಲೆ.

ಶಾಖದೊಡನೆ ತೇವವನ್ನೂ ಮರಳಿಸುವ ಕ್ರಮವು ಜಪಾನಿನಿಂದ ಬಂದಿತು. ಅಲ್ಲಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಸ್ಥೆಯು ೧೯೭೦ರಲ್ಲಿ ಲಾಸ್ನೇ ಎಂಬ ಹೆಸರಿನಿಂದ ಹೊರತಂದ ಯಂತ್ರದಲ್ಲಿ ವಿನಿಮಯಗರ್ಭವು ವಿಶೇಷವಾಗಿ ಸಂಸ್ಕರಿಸಿದ ಕಾಗದದಿಂದ ರಚಿತವಾಗಿತ್ತು. ಲೋಹ ಅಥವಾ ಪ್ಲಾಸ್ಟಿಕ್ ಹಾಳೆಯು ಶಾಖವನ್ನು ಮಾತ್ರ ದಾಟಿಸುತ್ತದೆ. ಕಾಗದವಾದರೋ ನೀರಾವಿಯನ್ನೂ ದಾಟಿಸುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು ೨,೪೫೦ ಕಿಲೋಜೌಲ್ ಶಕ್ತಿಯು ಬೇಕಾಗುವುದರಿಂದ, ಆವಿಯನ್ನು ಮರಳಿ ಪಡೆಯುವುದೆಂದರೆ ಶಕ್ತಿಯನ್ನೇ ಮರಳಿ ಪಡೆದಂತೆ. ಇದರಿಂದ ಚಳಿಗಾಲದಲ್ಲಿ ಮನೆಯ ಗಾಳಿಯು ಅತಿಯಾಗಿ ಒಣಗದು. ಸೆಕೆಯ ನಾಡುಗಳಲ್ಲಿ ತಂಪುಗೊಳಿಸಿದ ಮನೆಗೆ ಹೊರಗಿನ ತೇವವು ಅಷ್ಟಾಗಿ ನುಗ್ಗದು.

ಇದರ ಪ್ರಯೋಜನವನ್ನು ಒಂದು ಗಣನೆಯಿಂದ ತಿಳಿಯಬಹುದು. ಹೊರಗೆ ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ, ಒಳಗೆ ೨೦ ಡಿಗ್ರಿ ಮೇಲೆ ಉಷ್ಣಮಾನವಿರುವಾಗ, ಸೆಕೆಂಡಿಗೆ ೬೦ ಲೀಟರಿನಂತೆ ಗಾಳಿಯನ್ನು ಬದಲಾಯಿಸಿದರೆ ಸುಮಾರು ೨.೯ ಕಿಲೋವಾಟ್ ಶಾಖವು ವ್ಯರ್ಥವಾಗುತ್ತದೆ. ನೂರಕ್ಕೆ ೭೦ರಷ್ಟು ಮರಳಿಸುವ ಯಂತ್ರವಿದ್ದರೆ ಅದರಲ್ಲಿ ೨ ಕಿಲೋವಾಟ್ ಉಳಿಯುತ್ತದೆ. ಆದರೆ ಈ ಉಳಿತಾಯವು ಶುಚಿಯಾದ ಯಂತ್ರಕ್ಕೆ ಮಾತ್ರ ಸಲ್ಲುವುದು. ಧೂಳು ಕಟ್ಟಿದ ಶೋಧಕದ ಮೂಲಕ ಅರ್ಧದಷ್ಟು ಗಾಳಿಯೂ ಹಾಯದಿದ್ದರೆ, ಅಂಕಿಯು ಪುಸ್ತಕದಲ್ಲಿ ಉಳಿಯುವುದೇ ಹೊರತು ಮನೆಯಲ್ಲಲ್ಲ.

ಪಾಲನೆಯ ಅಂಗಗಳು ಏಳು. ರಾಜ್ಯಕ್ಕೆ ಸಪ್ತಾಂಗಗಳನ್ನು ಹೇಳಿರುವಂತೆ ಇಲ್ಲಿಯೂ ಒಂದು ಕೆಟ್ಟರೆ ಉಳಿದುವು ನಿಷ್ಫಲ. ಮೊದಲನೆಯದು ಶೋಧಕ. ಇದನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ತೆಗೆದು, ತೊಳೆಯತಕ್ಕದಾದರೆ ತೊಳೆದು, ಅಲ್ಲವಾದರೆ ಹೊಸದನ್ನು ಹಾಕಬೇಕು. ಎರಡನೆಯದು ಹೊರಗೋಡೆಯ ಬಾಯಿ. ಎಲೆ, ಹುಳು, ಹಕ್ಕಿಗೂಡು, ಹಿಮ ಇವುಗಳಿಂದ ಇದು ಮುಚ್ಚಿಹೋಗುವುದು. ಮೂರನೆಯದು ಹನಿನೀರಿನ ಕೊಳವೆ. ತಟ್ಟೆಗೆ ಒಂದೆರಡು ಲೀಟರು ಬೆಚ್ಚಗಿನ ನೀರನ್ನು ಸುರಿದು ಸರಾಗವಾಗಿ ಹರಿಯುವುದೇ ಎಂದು ಪರೀಕ್ಷಿಸಬೇಕು. ನಾಲ್ಕನೆಯದು ವಿನಿಮಯಗರ್ಭ. ಶಾಖವನ್ನು ಮಾತ್ರ ದಾಟಿಸುವ ಪ್ಲಾಸ್ಟಿಕ್ ಗರ್ಭವನ್ನು ಸಾಬೂನು ನೀರಿನಲ್ಲಿ ತೊಳೆಯಬಹುದು. ತೇವವನ್ನೂ ದಾಟಿಸುವ ಕಾಗದದ ಗರ್ಭಕ್ಕೆ ನೀರು ತಗುಲಿದರೆ ಅದು ಕೆಡುವುದರಿಂದ ಧೂಳನ್ನು ಹೀರಿ ತೆಗೆಯುವುದೊಂದೇ ಮಾರ್ಗ. ಈಚಿನ ಕೆಲವು ಪಾಲಿಮರ್ ಪೊರೆಯ ಗರ್ಭಗಳು ತೊಳೆಯಲು ತಕ್ಕುವಾಗಿವೆ. ಈ ಭೇದವನ್ನು ಅರಿಯದೆ ತೊಳೆದು ಗರ್ಭವನ್ನು ಕೆಡಿಸಿದರೆ ಪಾಲನೆಯೇ ಹಾನಿಯಾಗಿ ಪರಿಣಮಿಸುವುದು. ಐದನೆಯದು ಬೀಸಣಿಗೆ, ಹಳೆಯ ಮೋಟಾರುಗಳಿಗೆ ಕೆಲವು ಹನಿ ಎಣ್ಣೆ ಬೇಕಾಗುತ್ತಿದ್ದಿತು, ಈಚಿನವುಗಳಿಗೆ ಧೂಳನ್ನು ಒರಸಿದರೆ ಸಾಕು. ಆರನೆಯದು ನಳಿಗೆಗಳೂ ಅವುಗಳ ಜಾಲರಿಗಳೂ. ಏಳನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು, ಸಮತೋಲ.

ಸಮತೋಲವೆಂದರೆ ಒಳಬರುವ ಗಾಳಿಯೂ ಹೊರಹೋಗುವ ಗಾಳಿಯೂ ಸರಿಸಮವಾಗಿರುವುದು. ಎರಡಕ್ಕೂ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಂತರವಿರಬಾರದೆಂದು ಕುಶಲರು ಎಣಿಸುತ್ತಾರೆ. ಹೊರಹೋಗುವುದು ಹೆಚ್ಚಾದರೆ ಮನೆಯೊಳಗೆ ಒತ್ತಡವು ಕುಗ್ಗಿ, ಒಲೆಯ ಹೊಗೆಗೊಳವೆಯಿಂದ ವಿಷವಾಯುವು ಹಿಂದಕ್ಕೆ ಸೆಳೆಯಲ್ಪಡಬಹುದು. ಒಳಬರುವುದು ಹೆಚ್ಚಾದರೆ ತೇವದ ಗಾಳಿಯು ಗೋಡೆಯ ಒಡಲಿಗೆ ನುಗ್ಗಿ ಮರವನ್ನು ಕೊಳೆಯಿಸಬಹುದು. ಒಂದು ಶೋಧಕವು ಇನ್ನೊಂದಕ್ಕಿಂತ ಮೊದಲು ಕಟ್ಟಿಕೊಂಡರೆ ಸಾಕು, ಸಮತೋಲವು ತಪ್ಪುವುದು. ಮನೆಯವನು ಬಹುಕಾಲ ಅದನ್ನು ಅರಿಯನು.

ಶೀತದೇಶಗಳ ದುರಸ್ತಿಯಲ್ಲಿ ಹಿಮಗಟ್ಟುವಿಕೆಯು ವಿಶೇಷ ಸಮಸ್ಯೆ. ಹೊರಹೋಗುವ ಬೆಚ್ಚಗಿನ ಗಾಳಿಯ ಆವಿಯು ಗರ್ಭದೊಳಗೆ ನೀರಾಗಿ, ಆ ನೀರು ಹೆಪ್ಪುಗಟ್ಟಿ, ಸಂದುಗಳನ್ನು ಮುಚ್ಚುವುದು. ಕೆಲಹೊತ್ತು ಹೊರಗಾಳಿಯನ್ನು ತಡೆದು ಮನೆಯ ಗಾಳಿಯನ್ನೇ ಗರ್ಭದಲ್ಲಿ ಹಾಯಿಸಿ ಹಿಮವನ್ನು ಕರಗಿಸುವ ಚಲಿಸುವ ಕವಾಟವು ಇದಕ್ಕೆ ಪರಿಹಾರವಾಗಿ ಬಂದಿತು. ತೇವವನ್ನು ದಾಟಿಸುವ ಗರ್ಭದಲ್ಲಿ ನೀರು ಕಡಿಮೆ ನಿಲ್ಲುವುದರಿಂದ ಹಿಮವೂ ತಡವಾಗಿ ಕಟ್ಟುತ್ತದೆ. ಆದರೆ ಪ್ರತಿ ಪರಿಹಾರವೂ ಪಾಲಿಸತಕ್ಕ ಹೊಸದೊಂದು ಅಂಗವನ್ನು ತಂದಿತು: ಕವಾಟದ ಮೋಟಾರು ನಿಂತರೆ ಯಂತ್ರವು ಹಳೆಯ ಗಾಳಿಯನ್ನೇ ತಿರುಗಿಸುತ್ತಿರುವುದು; ಸದ್ದು ಎಂದಿನಂತೆಯೇ ಇರುವುದರಿಂದ ಮನೆಯವರು ಶುದ್ಧವಾಯುವು ಬರುತ್ತಿದೆಯೆಂದೇ ನಂಬಿರುವರು.

ಪಾಲನೆಯ ಲೋಪದಿಂದಾಗುವ ಅನರ್ಥಕ್ಕೆ ನಿದರ್ಶನವು ನೆದರ್ಲೆಂಡಿನದು. ಆಮರ್ಸ್‌ಫೂರ್ಟ್ ನಗರಕ್ಕೆ ಸೇರಿದ ವಾಟ್‌ಹಾರ್ಸ್ಟ್ ಎಂಬ ಹೊಸ ಬಡಾವಣೆಯ ಮನೆಗಳಲ್ಲಿ ಇಂತಹ ಯಂತ್ರಗಳಿದ್ದುವು. ಅಲ್ಲಿನ ನಿವಾಸಿಗಳು ಉಸಿರಾಟದ ತೊಂದರೆ, ಆಯಾಸ, ನಿದ್ರಾಭಂಗಗಳನ್ನು ಕುರಿತು ದೂರಿಕೊಳ್ಳಲು, ೨೦೦೭ರ ಸುಮಾರಿನಲ್ಲಿ ಸ್ಥಳೀಯ ಆರೋಗ್ಯಾಧಿಕಾರಿಗಳು ತನಿಖೆ ನಡೆಸಿದರು. ಮುಂದೆ ೨೯೯ ಡಚ್ ಮನೆಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಸಾಲದ ಗಾಳಿ, ಮಿತಿಮೀರಿದ ಸದ್ದು, ಕೊಳೆಯಾದ ಶೋಧಕಗಳು ಮತ್ತು ನಳಿಗೆಗಳು ಅನೇಕ ಮನೆಗಳಲ್ಲಿ ಕಂಡುಬಂದುವು. ಸಮಸ್ತ ವ್ಯಾಧಿಗಳನ್ನೂ ಯಂತ್ರದ ಮೇಲೆ ಹೊರಿಸುವುದು ಯುಕ್ತವಲ್ಲ. ಆದರೆ ಒಂದು ಕಾರಣಪರಂಪರೆಯು ಸ್ಪಷ್ಟವಾಗಿದೆ. ಸದ್ದನ್ನು ತಾಳಲಾರದೆ ಜನರು ಯಂತ್ರವನ್ನು ಕೆಳಗಿನ ವೇಗಕ್ಕೆ ಇಳಿಸಿದರು. ವೇಗವು ಇಳಿದುದರಿಂದ ಗಾಳಿಯು ಕಡಿಮೆಯಾಯಿತು. ಗಾಳಿಯು ಕಡಿಮೆಯಾದುದರಿಂದ ಯಂತ್ರವೇ ನಿಷ್ಪ್ರಯೋಜಕವೆಂದು ತೋರಿತು. ಡಚ್ ಸರ್ಕಾರದ ೨೦೧೨ರ ಕಟ್ಟಡ ನಿಯಮಾವಳಿಯಲ್ಲಿ ಹೊಸ ಮನೆಗಳ ವಾಯುಯಂತ್ರದ ಸದ್ದಿಗೆ ೩೦ ಡೆಸಿಬೆಲ್ ಮಿತಿಯನ್ನು ವಿಧಿಸಿದುದು ಈ ಅನುಭವದ ಬಳಿಕವೇ.

ಇದಕ್ಕೆ ಪ್ರತಿಯಾದ ನಿದರ್ಶನವು ಜರ್ಮನಿಯದು. ಡಾರ್ಮ್‌ಸ್ಟಾಟಿನ ಕ್ರಾನಿಕ್‌ಸ್ಟೈನ್ ಎಂಬಲ್ಲಿ ವೋಲ್ಫ್‌ಗಾಂಗ್ ಫೈಸ್ಟರ ಯೋಜನೆಯಂತೆ ೧೯೯೧ರಲ್ಲಿ ನಾಲ್ಕು ಮನೆಗಳ ಸಾಲೊಂದು ನಿರ್ಮಿತವಾಯಿತು. ಇಪ್ಪತ್ತೈದು ವರ್ಷಗಳ ತರುವಾಯ ನಡೆದ ಪರೀಕ್ಷೆಯ ಕಾಲದಲ್ಲಿಯೂ ಅವುಗಳ ವಾಯುವಿನಿಮಯ ವ್ಯವಸ್ಥೆಯು ಕೆಲಸಮಾಡುತ್ತಿದ್ದಿತು. ಎರಡು ನಿದರ್ಶನಗಳಲ್ಲಿಯೂ ತತ್ತ್ವವು ಒಂದೇ. ಇವನ್ನು ತೂಗುವಾಗ ಮಾತ್ರ ಒಂದು ಎಚ್ಚರವು ಅವಶ್ಯ: ಕ್ರಾನಿಕ್‌ಸ್ಟೈನಿನ ಒಂದು ಮನೆಯಲ್ಲಿ ವಾಸಿಸಿದವರು ಫೈಸ್ಟರೇ. ಯಂತ್ರವನ್ನು ಬಲ್ಲವರೇ ಮನೆಯವರಾದಲ್ಲಿ ಶೋಧಕವು ತಡವಾಗದು. ವಾಟ್‌ಹಾರ್ಸ್ಟಿನ ಗೃಹಸ್ಥನಿಗೆ ಅಂತಹ ವಿದ್ಯೆಯನ್ನು ಕಲಿಸಿಕೊಡುವ ಹೊಣೆಯು ಕಟ್ಟಿದವನದೋ, ಮಾರಿದವನದೋ, ಬಾಡಿಗೆಗೆ ಕೊಟ್ಟವನದೋ ಎಂಬುದು ನಿಶ್ಚಿತವಾಗಿರಲಿಲ್ಲ. ಕೆನಡದ ಗೃಹನಿರ್ಮಾಣ ನಿಗಮವು ಗೃಹಸ್ಥರಿಗಾಗಿ ಪಾಲನೆಯ ಕೈಪಿಡಿಯನ್ನು ಪ್ರಕಟಿಸಿದುದು ಇಂತಹ ಕೊರತೆಯನ್ನು ತುಂಬುವ ಪ್ರಯತ್ನವೇ ಸರಿ.

ಕನ್ನಡ ದಾನಶಾಸನಗಳನ್ನು ಓದಿದವರಿಗೆ ಈ ಪ್ರಶ್ನೆಯು ಅಪರಿಚಿತವಲ್ಲ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಡುವಾಗ, ಪೂಜೆ ನೈವೇದ್ಯಗಳೊಡನೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ, ಎಂದರೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೂ, ಆದಾಯವನ್ನು ನಿಯಮಿಸುವ ಪದ್ಧತಿಯು ಅವುಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ಕಟ್ಟಡವು ಕಟ್ಟಿದ ದಿನವೇ ಜೀರ್ಣವಾಗತೊಡಗುವುದೆಂಬುದನ್ನು ಆ ದಾನಿಗಳು ಬಲ್ಲವರಾಗಿದ್ದರು. ಅಷ್ಟೇ ಅಲ್ಲದೆ, ದುರಸ್ತಿಯ ವೆಚ್ಚವು ಎಲ್ಲಿಂದ ಬರಬೇಕು, ಅದನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನೂ ಮೊದಲೇ ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ವಾಯುವಿನಿಮಯ ಯಂತ್ರದ ಐವತ್ತು ವರ್ಷಗಳ ಚರಿತ್ರೆಯಲ್ಲಿ ಲೋಪವಾದುದು ಈ ಅಂಶವೇ. ಶಕ್ತಿಯ ಉಳಿತಾಯವನ್ನು ಲೆಕ್ಕಹಾಕಿದವರು ಬಹುಮಂದಿ; ಮೂರು ತಿಂಗಳಿಗೊಮ್ಮೆ ಶೋಧಕವನ್ನು ತೆಗೆಯುವ ಕೈ ಯಾರದೆಂದು ನಿಯಮಿಸಿದವರು ವಿರಳ.

ಸಂದುಗಳುಳ್ಳ ಹಳೆಯ ಮನೆಯು ಯಾರ ಗಮನವೂ ಇಲ್ಲದೆ ಉಸಿರಾಡುತ್ತಿದ್ದಿತು, ಬೆಲೆಯಾಗಿ ಸೌದೆಯನ್ನೂ ಎಣ್ಣೆಯನ್ನೂ ನುಂಗುತ್ತಿದ್ದಿತು. ಬಿಗಿಯಾದ ಹೊಸ ಮನೆಯು ಎಣ್ಣೆಯನ್ನು ಉಳಿಸುತ್ತದೆ, ಬೆಲೆಯಾಗಿ ಗಮನವನ್ನು ಕೇಳುತ್ತದೆ. ಈ ಬೆಲೆಯನ್ನು ಕೊಡುವವರು ಯಾರೆಂಬುದನ್ನು ಮನೆಯ ನಕ್ಷೆಯೊಡನೆಯೇ ನಿರ್ಣಯಿಸತಕ್ಕದು.